ದುರುಗಮ್ಮನ ಬಲಗೈ

ಸೋಮವಾರ, ಬುಧವಾರ, ಶುಕ್ರವಾರ. ಮೂರು ವರ್ಷದಿಂದ ದುರುಗಮ್ಮನ ಪಾಲಿಗೆ ವಾರ ಅಂದರೆ ಈ ಮೂರೇ ದಿನ. ಉಳಿದ ನಾಲ್ಕು ದಿನ ಈ ಮೂರರ ಸುಸ್ತು ಕಳೆಯುವುದಕ್ಕೇ ಹೋಗುತ್ತಿದ್ದವು, ಹಾಗಂತ ಸುಸ್ತು ಪೂರ್ತಿ ಕಳೆದದ್ದು ಒಂದು ದಿನವೂ ಇಲ್ಲ. ಬೆಳಿಗ್ಗೆ ತಾಳಗುಂದದಿಂದ ಶಿರಾಳಕೊಪ್ಪಕ್ಕೆ ಆಟೋ, ಅಲ್ಲಿಂದ ಶಿಕಾರಿಪುರಕ್ಕೆ ಬಸ್ಸು, ಬಸ್ ಸ್ಟ್ಯಾಂಡಿನಿಂದ ಡಯಾಲಿಸಿಸ್ ಸೆಂಟರಿಗೆ ಕಾಲುನಡಿಗೆ. ಕಿಡ್ನಿ ಕೈಕೊಟ್ಟ ಮೇಲೆ ಇನ್ನೇನು ದಾರಿ? ನಾಲ್ಕು ತಾಸು ಮಿಷಿನ್ನಿಗೆ ಕಟ್ಟಿಸಿಕೊಂಡು ಮಲಗಬೇಕು, ರಕ್ತ ಹೊರಗೆ ಹೋಗಿ ಸೋಸಿಕೊಂಡು ಮತ್ತೆ ಒಳಗೆ ಬರಬೇಕು. ಆಮೇಲೆ ಅದೇ ಬಸ್ಸು, ಅದೇ ಆಟೋ. ಮನೆ ಮುಟ್ಟುವ ಹೊತ್ತಿಗೆ ಗಂಡ ಧರ್ಮಪ್ಪ ಇನ್ನೂ ಕುರಿ ಹಿಂದೆ ಇರುತ್ತಿದ್ದ. ಒಂದು ಲೋಟ ಚಾ ಕಾಸಿಕೊಳ್ಳೋಣ ಅಂದರೆ ಅದಕ್ಕೂ ಮೈ ಏಳುತ್ತಿರಲಿಲ್ಲ. ಕಾಸಿದರೂ ಅರ್ಧ ಲೋಟವೇ, ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಗೆರೆ ಎಳೆದಿದ್ದರಲ್ಲ.

ಆಕೆಯ ಬಲಗೈಯ ಸಂಗತಿ ಮೊದಲು ಹೇಳಿಬಿಡಬೇಕು. ಮೊಣಕೈ ಹತ್ತಿರ ಎರಡು ನರ ಸೇರಿಸಿ ಹೊಲಿದು ಒಂದು ದಪ್ಪ ನರ ಮಾಡಿದ್ದರು. ರಕ್ತ ತೆಗೆಯುವ ಸೂಜಿ ಒಂದು, ವಾಪಸ್ ಬಿಡುವ ಸೂಜಿ ಒಂದು, ಎರಡೂ ಅದಕ್ಕೇ ಹೋಗಬೇಕು. ಆ ನರದ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಹರಿಯುವುದು ಝುಮ್ ಅಂತ ಗೊತ್ತಾಗುತ್ತದೆ. ಆ ಝುಮ್ಮು ಇರುವ ತನಕ ಕೈ ನಡೆಯುತ್ತದೆ, ಅದು ನಿಂತರೆ ಕೈ ಕೆಟ್ಟಿತು ಅಂತಲೇ ಲೆಕ್ಕ. ಮೊದಲು ಎಡಗೈಯಲ್ಲೂ ಹೀಗೇ ಮಾಡಿದ್ದರು. ಅದು ದೊಡ್ಡ ಊರಿನ ದೊಡ್ಡ ಆಸ್ಪತ್ರೆ, ಹೆಸರು ಬೇಡ ಬಿಡಿ. ಕಲಿಯುವ ಹುಡುಗರು ಗುಂಪುಗುಂಪಾಗಿ ಬರುತ್ತಿದ್ದರು, ಇವತ್ತು ಚುಚ್ಚಿದವನು ನಾಳೆ ಇಲ್ಲ. ಹನ್ನೊಂದು ತಿಂಗಳಿಗೆ ಎಡಗೈ ಮುಗಿಯಿತು. ಬಲಗೈಯೂ ಹೋದರೆ ಕುತ್ತಿಗೆಗೆ ನಳಿಗೆ ಹಾಕಬೇಕು, ನಳಿಗೆ ಬಹಳ ದಿನ ಬಾಳಿಕೆ ಬರುವುದಿಲ್ಲ, ನಂಜಾಗುತ್ತದೆ. ಆಮೇಲೆ ಏನು ಅಂತ ದುರುಗಮ್ಮ ಡಾಕ್ಟರನ್ನು ಕೇಳಿದ್ದಳು, ಡಾಕ್ಟರು ಚೀಟಿ ಬರೆಯುತ್ತಾ ಕೂತರು. ಉತ್ತರ ಆಕೆಗೆ ಅರ್ಥವಾಯಿತು.

ಅಂಥ ಕೈಯನ್ನು ಎರಡು ವರ್ಷ ಕಾಪಾಡಿಕೊಂಡು ಬಂದವನು ಈಶ್ವರ್. ಶಿಕಾರಿಪುರದ ಸೆಂಟರಿನಲ್ಲಿ ಮಿಷಿನ್ನು ನಾಲ್ಕು, ಟೆಕ್ನಿಷಿಯನ್ನು ಅವನೊಬ್ಬನೇ. ನಲವತ್ತು ದಾಟಿದ ಮನುಷ್ಯ, ನಿದ್ದೆಗೆಟ್ಟ ಮುಖ, ಮಾತು ಮಾತ್ರ ಸಿಕ್ಕಾಪಟ್ಟೆ. ದುರುಗಮ್ಮನ ಕೈ ಅವನಿಗೆ ಕಂಠಪಾಠ. ಹಾಗಿರುವಾಗ ತಿಂಗಳ ಮೊದಲನೇ ಸೋಮವಾರ ಅವನು ಮಿಷಿನ್ನಿನ ಗುಂಡಿ ಒತ್ತುತ್ತಾ, ಎಲ್ಲರಿಗೂ ಕೇಳುವ ಹಾಗೆ ಅಂದ, "ಸೊರಬದಾಗೆ ಹೊಸ ಸೆಂಟರ್ ತೆಗೀತಿದಾರೆ. ನನ್ನನ್ನ ಅಲ್ಲಿಗೆ ಹಾಕಿದಾರೆ. ಈ ತಿಂಗಳು ಅಷ್ಟೇ ನಾನು ಇಲ್ಲಿರೋದು."

ಪಕ್ಕದ ಹಾಸಿಗೆಯ ಶಿವಮೂರ್ತಪ್ಪ, ಊರಿನಲ್ಲಿ ಗೊಬ್ಬರ-ಬೀಜದ ಅಂಗಡಿ ಇಟ್ಟವರು, ಕನ್ನಡಕ ತೆಗೆದು ಒರೆಸಿಕೊಂಡರು. ದುರುಗಮ್ಮ ಕೇಳಿದಳು, "ನಾವೂ ಸೊರಬಕ್ಕೇ ಬಂದ್ರೆ?"

"ಆಗಲ್ಲಕ್ಕಾ. ಆಯಾ ತಾಲ್ಲೂಕಿನೋರಿಗೆ ಆಯಾ ಸೆಂಟರ್ ಅಂತ ನಮ್ಮ ಟ್ರಸ್ಟಿನೋರು ನಿಯಮ ಮಾಡಿದಾರೆ. ಇಲ್ಲಿಗೆ ಹೊಸಬರು ಬರ್ತಾರೆ. ಸೊರಬದ ಕಡೆಯೋರೇ ಅಂತೆ."

ಶಿಕಾರಿಪುರದವನು ಸೊರಬಕ್ಕೆ, ಸೊರಬದವರು ಶಿಕಾರಿಪುರಕ್ಕೆ. ಇಂಥ ಬುದ್ಧಿ ಮೇಲೆ ಕೂತವರಿಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ ಹೇಳಿ.

ಬುಧವಾರ ಹೊಸಬಳು ಬಂದಳು. ಹೆಸರು ಗಂಗಾಶ್ರೀ, ಊರು ಕುಪ್ಪಗಡ್ಡೆ, ಇಪ್ಪತ್ತಮೂರೋ ಇಪ್ಪತ್ನಾಲ್ಕೋ ವಯಸ್ಸು. ಡಿಪ್ಲೊಮಾ ಮುಗಿದಿತ್ತು, ಮೇಲೆ ಮೂರು ದಿನದ ವಿಶೇಷ ತರಬೇತಿಯೂ ಆಗಿತ್ತು. ಹೋಟೆಲಿನ ಹಾಲಿನಲ್ಲಿ ಅರವತ್ತು ಜನ ಕೂತಿದ್ದರಂತೆ, ಪರದೆಯ ಮೇಲೆ ಚಿತ್ರ ಬಿಟ್ಟಿದ್ದರಂತೆ, ಒಂದು ರಬ್ಬರಿನ ಕೈಯನ್ನು ಸಾಲಾಗಿ ದಾಟಿಸಿದ್ದರಂತೆ. ಅವಳ ಪಾಲಿಗೆ ಆ ಕೈ ಒಂದು ನಿಮಿಷ ಬಂದಿತ್ತು. ಫೈಲಿನಲ್ಲಿ ಬಣ್ಣದ ಸರ್ಟಿಫಿಕೇಟು ಇತ್ತು, ಮೂರು ದಿನವೂ ಊಟ ಚೆನ್ನಾಗಿತ್ತು ಅಂತ ಅವಳೇ ಹೇಳಿದಳು.

ಈಶ್ವರ್ ತಾನು ಬಲ್ಲ ರೀತಿಯಲ್ಲಿ ಕಲಿಸುವುದಕ್ಕೆ ನಿಂತ. ಅಂದರೆ ಮಾತಾಡಿದ. ಸೂಜಿ ಎಷ್ಟು ಓರೆ ಹಿಡಿಯಬೇಕು, ಎಷ್ಟು ದೂರ ಬಿಡಬೇಕು, ನರ ಎಲ್ಲಿ ಜಾರುತ್ತದೆ, ಹತ್ತು ಸಂಗತಿಯನ್ನು ಒಂದೇ ಉಸಿರಿಗೆ ಹೇಳಿ ಮೂರನೇ ಹಾಸಿಗೆಯ ಮಿಷಿನ್ನು ಕೂಗಿತು ಅಂತ ಆ ಕಡೆ ಓಡಿದ. ಗಂಗಾಶ್ರೀ ನಿಂತಲ್ಲೇ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಕ್ಷರ ಬಹಳ ಮುದ್ದಾಗಿತ್ತು.

ಬರೆದದ್ದೇನೋ ಆಯಿತು, ಚುಚ್ಚಿಸಿಕೊಳ್ಳುವವರು ಯಾರು? ಶಿವಮೂರ್ತಪ್ಪ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. "ನೋಡವ್ವಾ, ನಿನ್ನ ಮೇಲೆ ನನಗೆ ಏನೂ ಸಿಟ್ಟಿಲ್ಲ. ಆದ್ರೆ ನನ್ನ ಕೈ ಮೇಲೆ ಕಲೀಬೇಡ. ಈಶ್ವರ್ ಇರೋ ತನಕ ಈಶ್ವರೇ ಹಾಕ್ಲಿ." ಉಳಿದಿಬ್ಬರೂ ಅದನ್ನೇ ಹೇಳಿದರು. ಹುಡುಗಿ ಟ್ರೇ ಹಿಡಿದುಕೊಂಡು ಹಾಸಿಗೆಗಳ ನಡುವೆ ನಿಂತೇ ಇದ್ದಳು.

ದುರುಗಮ್ಮನಿಗೆ ಕರುಣೆ ಉಕ್ಕಿ ಬಂತು ಅಂತ ತಿಳಿಯಬೇಡಿ. ಕರುಣೆ ಪಡುವಷ್ಟು ತ್ರಾಣ ಆಕೆಯಲ್ಲಿ ಉಳಿದಿರಲಿಲ್ಲ. ಆಕೆ ನೋಡಿದ್ದು ತನ್ನ ಕೈಯನ್ನು. ಈ ಗಂಡಸರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ, ಮುಂದಿನ ತಿಂಗಳು ಈಶ್ವರ್ ಇರುವುದಿಲ್ಲ, ಆಗ ಚುಚ್ಚುವವಳು ಇವಳೇ. ಕಲಿಯದ ಕೈಗೆ ಆಮೇಲೆ ಸಿಗುವುದಕ್ಕಿಂತ ಈಶ್ವರ್ ಪಕ್ಕದಲ್ಲಿರುವಾಗಲೇ ಕಲಿಸಿಬಿಟ್ಟರೆ ಕೈ ಉಳಿದರೂ ಉಳಿದೀತು. ಹನ್ನೊಂದು ಸರದಿ ಬಾಕಿ ಇದೆ.

"ಇಲ್ಲಿ ಬಾ ತಂಗಿ," ಅಂದಳು. "ನನಗೇ ಹಾಕು."

ಹಾಕಿದಳು. ಮೊದಲನೇ ಸೂಜಿ ನರದ ಆಚೆ ಬದಿಯನ್ನೂ ತೂತು ಮಾಡಿಕೊಂಡು ಹೋಯಿತು. ಕೈ ಕಣ್ಣೆದುರಿಗೇ ಉಬ್ಬಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಈಶ್ವರ್ ಓಡಿ ಬಂದು ಒತ್ತಿ ಹಿಡಿದು, ಬೇರೆ ಜಾಗದಲ್ಲಿ ತಾನೇ ಹಾಕಿ ಸರಿಮಾಡಿದ. ಹುಡುಗಿಯ ಮುಖ ಬಿಳಚಿಕೊಂಡಿತ್ತು. "ನೋಟ್ಸಿನಲ್ಲಿ ಇದ್ದ ಹಾಗೇ ಮಾಡಿದ್ದೆ," ಅಂದಳು, ತನಗೇ ಹೇಳಿಕೊಳ್ಳುವವಳ ಹಾಗೆ.

ಅವತ್ತು ರಾತ್ರಿ ಧರ್ಮಪ್ಪ ಐಸ್ ತಂದು ಕೈಗೆ ಒತ್ತಿದ. ಬೈದ. "ಇದೂ ಹೋತು ಅಂದ್ರೆ ಏನ್ ಮಾಡ್ತೀ? ಯಾವಳೋ ಕಲೀಲಿ ಅಂತ ನೀನ್ಯಾಕೆ ಕೈ ಕೊಡಬೇಕು?" ಹೆದರಿಕೆ ದುರುಗಮ್ಮನಿಗೂ ಆಗಿತ್ತು. ಆದರೆ ಮಲಗಿದ ಮೇಲೂ ಕಣ್ಣಮುಂದೆ ಬರುತ್ತಿದ್ದದ್ದು ಹುಡುಗಿಯ ಕಣ್ಣು. ಚುಚ್ಚುವ ಮೊದಲು ಅವಳು ಕೈಯನ್ನು ಚರ್ಮದ ಮೇಲಿಂದ ಬರೀ ನೋಡಿದ್ದಳು. ದಪ್ಪಗೆ ಎದ್ದು ಕಂಡ ಕಡೆ ಸೂಜಿ ಇಟ್ಟಿದ್ದಳು. ಎದ್ದು ಕಾಣುವುದೇ ಹಳೆಯ ಗಾಯದ ಗಂಟು, ನರ ಅದರ ಪಕ್ಕ ಓಡುತ್ತದೆ ಅಂತ ಯಾವ ನೋಟ್ಸಿನಲ್ಲಿ ಬರೆದಿರುತ್ತಾರೆ? ಅರವತ್ತು ಜನರಿಗೆ ತೋರಿಸಿದ ರಬ್ಬರಿನ ಕೈಗೆ ಗಾಯ ಎಲ್ಲಿಂದ ಬರಬೇಕು?

ಶುಕ್ರವಾರ ದುರುಗಮ್ಮ ಒಂದು ಬಸ್ಸು ಮುಂಚೆಯೇ ಬಂದಳು. ಸೆಂಟರಿನ ಆಯಾ ಹೂವಮ್ಮ ಇನ್ನೂ ನೆಲ ಒರೆಸುತ್ತಿದ್ದಳು. ಗಂಗಾಶ್ರೀ ನೋಟ್‌ಬುಕ್ಕು ತೆರೆದುಕೊಂಡು ಹತ್ತಿರ ಬಂದಳು, ಹಿಂದೆಯೇ ಈಶ್ವರ್, ಬಾಯಿ ಆಗಲೇ ತೆರೆದಿತ್ತು.

"ತಂಗಿ, ಆ ಬುಕ್ಕು ಅಲ್ಲಿಡು. ಈಶ್ವರ್ ಸರ್, ನೀವು ಸ್ವಲ್ಪ ಸುಮ್ನೆ ನಿಂತ್ಕಳ್ರಿ. ನೀವು ಮಾತಾಡಿದ್ರೆ ಈಕೆ ನಿಮ್ಮ ಬಾಯಿ ನೋಡ್ತಾಳೆ, ನನ್ನ ಕೈ ನೋಡಲ್ಲ."

ಈಶ್ವರ್ ಬಾಯಿ ಮುಚ್ಚಿದ. ದುರುಗಮ್ಮ ಚೀಲದಿಂದ ಟವೆಲ್ಲು ತೆಗೆದು ಬಲಗೈ ಮೇಲೆ ಹೊದಿಸಿದಳು. "ಈಗ ಒಳಗೆ ಕೈ ಹಾಕು. ನರ ಎಲ್ಲೈತಿ, ಯಾವ ಕಡೆ ಹೋಗ್ತತಿ, ಬೆರಳಲ್ಲಿ ಹುಡುಕಿ ಹೇಳು."

"ಕಾಣ್ದೇ ಇದ್ರೆ ಎಂತ ಹೇಳ್ಲಿ ಅಮ್ಮ?" ಅಂದಳು ಹುಡುಗಿ.

"ಕಂಡಾಗ ಏನಾತು, ಮೊನ್ನೆ ನೋಡಿದ್ವಲ್ಲ."

ಟವೆಲ್ಲಿನ ವಿದ್ಯೆ ದುರುಗಮ್ಮನಿಗೆ ಅಪ್ಪನಿಂದ ಬಂದದ್ದು. ಕುರಿ ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದೇ ಮಾತು ಮುಗಿಸುತ್ತಾರೆ, ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಇವಳನ್ನೇ ಎದುರಿಗೆ ಕೂರಿಸಿಕೊಂಡು ಸಂಜೆ ಸಂಜೆ ಕಲಿಸಿದ. ಬೆರಳಿನ ಲೆಕ್ಕ ಬಂದ ಮೇಲೆ ಕುರಿಯ ಮೇಲೆ ಕಂಬಳಿ ಹೊದಿಸಿ, ಕೈ ಒಳಗೆ ಹಾಕಿಸಿ, ಬೆನ್ನಿನ ಮೇಲೆ ಎಷ್ಟು ಮಾಂಸ ಇದೆ ಹೇಳು ಅನ್ನುತ್ತಿದ್ದ. ತಪ್ಪಿದರೆ ಬೈಯುತ್ತಿರಲಿಲ್ಲ, ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ಸರಿಯಾದ ಕಡೆ ಒಯ್ಯುತ್ತಿದ್ದ. ಉಣ್ಣೆ ನೋಡಿ ಕುರಿ ಕೊಂಡವರೆಲ್ಲ ಮೋಸಹೋದದ್ದನ್ನು ದುರುಗಮ್ಮ ಎಷ್ಟೋ ಸಂತೆಯಲ್ಲಿ ಕಂಡಿದ್ದಳು.

ಹುಡುಗಿ ಟವೆಲ್ಲಿನ ಕೆಳಗೆ ಬೆರಳು ಒತ್ತಿದಳು.

"ಅಷ್ಟು ಒತ್ತಬೇಡ. ಒತ್ತಿದ್ರೆ ಝುಮ್ಮು ಸತ್ತೋಗ್ತತಿ. ಕುರಿಮರಿ ಮೂಗು ಮುಟ್ಟಿದಂಗೆ ಮುಟ್ಟು."

ಬಹಳ ಹೊತ್ತು ಹಿಡಿಯಿತು. ದುರುಗಮ್ಮ ಎಡಗೈಯನ್ನು ಟವೆಲ್ಲಿನೊಳಗೆ ಹಾಕಿ ಹುಡುಗಿಯ ಬೆರಳನ್ನು ಹಿಡಿದು ನಿಧಾನ ಮೇಲಕ್ಕೆ ಒಯ್ದಳು. ಇಲ್ಲಿ ಮೇಲೈತಿ, ಇಲ್ಲಿ ಒಳಕ್ಕೆ ಇಳೀತು, ಇಲ್ಲಿ ಎಡಕ್ಕೆ ಹೊಳ್ಳಿತು, ಇಲ್ಲಿ ಗಂಟು, ಇಲ್ಲಿಗೆ ಬರಬೇಡ. ಎರಡನೇ ಸಲ ಹುಡುಗಿ ಒಬ್ಬಳೇ ಹೋದಳು. ಅವಳ ಹುಬ್ಬು ಸಡಿಲವಾದದ್ದು ದುರುಗಮ್ಮನಿಗೆ ಕಂಡಿತು. "ಸಿಕ್ತು," ಅಂದಳು ಹುಡುಗಿ ಮೆಲ್ಲಗೆ.

ಈಶ್ವರ್ ಇಷ್ಟೂ ಹೊತ್ತು ಗೋಡೆಗೆ ಒರಗಿ ನಿಂತಿದ್ದ. ಆಮೇಲೆ ಬಂದು ಹುಡುಗಿಯ ಮಣಿಕಟ್ಟಿನ ಕೆಳಗೆ ತನ್ನ ಎರಡು ಬೆರಳಿಟ್ಟ, ಸೂಜಿ ಎಷ್ಟು ಏಳಬೇಕೋ ಅಷ್ಟೇ ಎತ್ತಿದ, ಒಂದು ಮಾತೂ ಆಡಲಿಲ್ಲ. ಸೂಜಿ ಒಳಗೆ ಹೋಯಿತು. ರಕ್ತ ನಳಿಗೆಗೆ ಬಂತು.

"ನನಗೆ ಹೀಗೆ ಯಾರೂ ಕಲಿಸಿರಲಿಲ್ಲ," ಅಂದ ಅವನು, ಪ್ಲಾಸ್ಟರ್ ಅಂಟಿಸುತ್ತಾ. "ನಾನು ಕಲಿತಿದ್ದು ಜನರ ಕೈ ಹಾಳುಮಾಡಿ. ಎಷ್ಟು ಕೈ ಅಂತ ನೆನಪಿಸಿಕೊಳ್ಳೋಕೂ ಹೋಗಿಲ್ಲ."

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ವಾರಕ್ಕೆ ಮೂರು ದಿನ, ಉಳಿದವರು ಬರುವ ಅರ್ಧ ತಾಸು ಮುಂಚೆ, ಒಬ್ಬ ಕಲಿಸುವವನು, ಒಬ್ಬಳು ಕಲಿಯುವವಳು, ಒಂದು ಕೈ. ಸುಲಭವಾಗಿತ್ತು ಅಂತ ನಾನು ಹೇಳಿದರೆ ಅದು ಸುಳ್ಳು. ಅರ್ಧ ತಾಸು ಮುಂಚೆ ಬರಬೇಕು ಅಂದರೆ ದುರುಗಮ್ಮ ಒಂದು ತಾಸು ಮುಂಚೆ ಏಳಬೇಕಿತ್ತು. ಶಿರಾಳಕೊಪ್ಪದಲ್ಲಿ ಆ ಹೊತ್ತಿನ ಬಸ್ಸಿಗೆ ಕೂರಲು ಜಾಗ ಇರುತ್ತಿರಲಿಲ್ಲ, ಎಷ್ಟೋ ದಿನ ಕಂಬ ಹಿಡಿದು ನಿಂತೇ ಬಂದಳು. ಪಾಳಿ ತಡವಾಯಿತು ಯಾಕೆ ಅಂತ ಮೇಲಿನವರು ಫೋನಿನಲ್ಲಿ ಕೇಳಿದರೆ ಈಶ್ವರ್ ಕರೆಂಟು ಹೋಗಿತ್ತು ಅನ್ನುತ್ತಿದ್ದ. ಎರಡನೇ ವಾರ ಇನ್ನೊಂದು ಸಲ ಸೂಜಿ ತಪ್ಪಿತು, ಹುಡುಗಿ ಔಷಧಿ ಕೋಣೆಗೆ ಹೋಗಿ ಅತ್ತು ಬಂದಳು. ದುರುಗಮ್ಮ ಅತ್ತದ್ದರ ಸುದ್ದಿ ಎತ್ತಲಿಲ್ಲ. "ಎಲ್ಲಿ ತಪ್ಪಿತು ಗೊತ್ತಾತಾ?" ಅಂತ ಕೇಳಿದಳು. "ಒಳಕ್ಕೆ ಇಳಿಯೋ ಕಡೆ," ಅಂದಳು ಹುಡುಗಿ. "ಗೊತ್ತಾತಲ್ಲ, ಸಾಕು. ಇನ್ನೊಂದು ಸಲ ಹಾಕು."

ಮೂರನೇ ವಾರದ ಹೊತ್ತಿಗೆ ಟವೆಲ್ಲು ಬೇಕಾಗಲಿಲ್ಲ. ನಾಲ್ಕನೇ ವಾರ ಈಶ್ವರ್ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಬೆನ್ನು ತಿರುಗಿಸಿ ಕೂತ. ಸೂಜಿ ಎರಡೂ ಹೋದವು. ಅವತ್ತೇ ಶಿವಮೂರ್ತಪ್ಪ ಹೊದಿಕೆಯಿಂದ ಕೈ ಹೊರಗೆ ತೆಗೆದು, "ದುರುಗಮ್ಮನಿಗೆ ಹಾಕಿದಂಗೆ ನನಗೂ ಹಾಕವ್ವಾ," ಅಂದರು.

"ಅವರಿಗೆ ಹಾಕಿದ ಹಾಗೆ ನಿಮಗೆ ಹಾಕೋಕೆ ಬರಲ್ಲ," ಅಂದಳು ಗಂಗಾಶ್ರೀ. "ನಿಮ್ಮ ಕೈ ಬೇರೆ. ಎರಡು ದಿನ ಬರೀ ಮುಟ್ಟಿ ನೋಡ್ತೇನೆ, ಆಮೇಲೆ ಹಾಕ್ತೇನೆ." ಶಿವಮೂರ್ತಪ್ಪ ಅಷ್ಟಕ್ಕೇ ಖುಷಿಪಟ್ಟರು. ಬೇಡ ಅಂದವರಿಗೆ ಹೀಗೆ ಕಾಯಿಸಿದರೇ ನಂಬಿಕೆ ಬರುವುದೋ ಏನೋ.

ಈಶ್ವರ್ ಹೋದ. ಹೋಗುವಾಗ ಭಾಷಣ ಬಿಗಿಯುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು, ಅವನು ಬರೀ ನಾಲ್ಕು ಮಿಷಿನ್ನನ್ನೂ ಒರೆಸಿ ಹೋದ. ಆಮೇಲಿನ ಮೂರು ಸರದಿ ಗಂಗಾಶ್ರೀ ಒಬ್ಬಳೇ ನಡೆಸಿದಳು. ದುರುಗಮ್ಮನ ಕೈಗೆ ಒಂದು ಕಲೆಯೂ ಆಗಲಿಲ್ಲ.

ಕೈ ಉಳಿಯಿತು. ಅದಕ್ಕೇ ತಾನೇ ಅಷ್ಟೆಲ್ಲ ಒದ್ದಾಡಿದ್ದು? ಆದರೆ ಉಳಿಯಿತು ಅನ್ನುವುದು ಖಾತ್ರಿಯಾದ ಮೇಲೆ ದುರುಗಮ್ಮನಿಗೆ ಒಂದು ಥರದ ಸುಸ್ತು ಬಂತು, ಈ ತನಕದ ಸುಸ್ತೆಲ್ಲ ಅದರ ಮುಂದೆ ಏನೂ ಅಲ್ಲ. ಕಲಿಸುವ ತಿಂಗಳಲ್ಲಿ ಬಸ್ಸು ಹತ್ತುವುದಕ್ಕೆ ಒಂದು ಕಾರಣ ಇತ್ತು. ಇವತ್ತು ಹುಡುಗಿ ಹೇಗೆ ಹಾಕುತ್ತಾಳೆ, ಮೊನ್ನೆ ತಪ್ಪಿದ್ದನ್ನು ಇವತ್ತು ಸರಿ ಮಾಡುತ್ತಾಳಾ ಅಂತ ಯೋಚಿಸಿಕೊಂಡೇ ಶಿಕಾರಿಪುರ ಮುಟ್ಟುತ್ತಿದ್ದಳು. ಈಗ ಮತ್ತೆ ಅದೇ ಸೋಮವಾರ, ಅದೇ ಬುಧವಾರ, ಅದೇ ಶುಕ್ರವಾರ. ಇನ್ನೆಷ್ಟು ವರ್ಷ? ಕೈ ಚೆನ್ನಾಗಿದ್ದಷ್ಟು ವರ್ಷ. ಚೆನ್ನಾಗಿರುವ ಕೈಯನ್ನು ನೋಡಿದರೆ ಒಮ್ಮೊಮ್ಮೆ ಸಿಟ್ಟೇ ಬರುತ್ತಿತ್ತು.

ಭಾನುವಾರ ಹಟ್ಟಿಯಲ್ಲಿ ಎರಡು ಕುರಿ ಈದವು. ಧರ್ಮಪ್ಪನಿಗೆ ಸೊಂಟ ಹಿಡಿದಿತ್ತು, ದುರುಗಮ್ಮನೇ ಮರಿಗಳನ್ನು ಎತ್ತಿ ಒಳಗೆ ತಂದಳು. ಬಲಗೈಯಲ್ಲಿ ಭಾರ ಎತ್ತಬಾರದು ಅಂತ ಎರಡು ವರ್ಷದಿಂದ ಪಾಲಿಸಿದ್ದನ್ನು ಅವತ್ತು ಮರೆತಳೋ, ಬೇಸರಕ್ಕೆ ಬಿಟ್ಟಳೋ, ಆಕೆಗೇ ಗೊತ್ತಿಲ್ಲ. ಊಟವನ್ನೂ ಸರಿಯಾಗಿ ಮಾಡದೆ ಮಲಗಿದಳು, ಬಲಮಗ್ಗುಲಿಗೆ, ಕೈ ಮೈಯಡಿಗೆ ಸಿಕ್ಕಿಕೊಂಡು.

ಸೋಮವಾರ ಬೆಳಗಿನ ಐದಕ್ಕೆ ಎಚ್ಚರವಾಯಿತು. ಕೈಗೆ ಜೋಮು ಹಿಡಿದಿತ್ತು. ಎದ್ದ ಕೂಡಲೇ ನರದ ಮೇಲೆ ಎಡಗೈ ಬೆರಳಿಡುವುದು ರೂಢಿ, ಇಟ್ಟಳು. ಝುಮ್ಮು ಸಣ್ಣಗಾಗಿತ್ತು. ಗೋಡೆಯ ಆಚೆ ಯಾರೋ ಮಾತಾಡಿದಷ್ಟು ಸಣ್ಣಗೆ.

ಹೀಗಾದರೆ ಏನು ಮಾಡಬೇಕು ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಆ ಕ್ಷಣವೇ ಫೋನು ಮಾಡಬೇಕು, ಶಿವಮೊಗ್ಗಕ್ಕೆ ಓಡಬೇಕು, ಹೆಪ್ಪು ತೆಗೆಸಬೇಕು. ತಡವಾದಷ್ಟೂ ಕೈ ಕೈತಪ್ಪುತ್ತದೆ. ಧರ್ಮಪ್ಪ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ. ದುರುಗಮ್ಮ ಅವನನ್ನು ಎಬ್ಬಿಸಲಿಲ್ಲ. ಹೋದರೆ ಹೋಗಲಿ ಅನ್ನಿಸಿತು. ಸಾಯಬೇಕು ಅಂತ ಅನ್ನಿಸಲಿಲ್ಲ, ಅಷ್ಟು ದೊಡ್ಡ ಮಾತಲ್ಲ ಅದು. ಬಸ್ಸು ಹತ್ತುವುದು ಬೇಡ ಅನ್ನಿಸಿತು. ಕೈ ತಾನಾಗಿಯೇ ಹೋಯಿತು ಅಂದರೆ ಯಾರೂ ಯಾರನ್ನೂ ಬೈಯುವ ಹಾಗಿಲ್ಲ, ಆಕೆಯೂ ಯಾರಿಗೂ ಜವಾಬು ಕೊಡಬೇಕಾಗಿಲ್ಲ. ಸೆರಗು ಹೊದ್ದುಕೊಂಡು ಒಂದು ಗಂಟೆ ಹಾಗೇ ಕೂತಳು.

ಆದರೂ ಹೋದಳು. ಮೂರು ವರ್ಷದ ಅಭ್ಯಾಸ, ಕಾಲು ತಾನಾಗಿ ಆಟೋ ಹತ್ತಿತು. ಯಾರಿಗೂ ಏನೂ ಹೇಳಬಾರದು ಅಂತ ಮಾತ್ರ ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಳು. ಶಿರಾಳಕೊಪ್ಪದಲ್ಲಿ ಒಂದು ಬಸ್ಸನ್ನು ಬೇಕಂತಲೇ ಬಿಟ್ಟಳು. ಹುಡುಗಿ ಸೂಜಿ ಹಾಕಲಿ, ಆದದ್ದಾಗಲಿ.

ಸೆಂಟರ್ ಮುಟ್ಟಿದಾಗ ಹತ್ತು ದಾಟಿತ್ತು. ತೂಕ ನೋಡಿಸಿಕೊಂಡು ಮಲಗಿದಳು. ಗಂಗಾಶ್ರೀ ನಕ್ಕು, "ಇವತ್ತೆಂತ ಅಮ್ಮ, ಲೇಟು?" ಅಂತ ಕೇಳುತ್ತಾ ಕೈ ತೊಳೆದು ಬಂದು ನರದ ಮೇಲೆ ಬೆರಳಿಟ್ಟಳು. ನಗು ಮುಖದ ಮೇಲೇ ಇತ್ತು, ಬೆರಳು ಮಾತ್ರ ನಿಂತಿತು. ಇನ್ನೊಂದು ಕಡೆ ಇಟ್ಟಳು. ಮತ್ತೆ ಮೊದಲಿನ ಕಡೆ ಬಂದಳು. ಕಿವಿಗೆ ಸ್ಟೆತಸ್ಕೋಪು ಹಾಕಿ ಕೇಳಿದಳು, ಅದನ್ನು ತೆಗೆದು ಮತ್ತೆ ಬೆರಳಿಟ್ಟಳು.

ದುರುಗಮ್ಮ ಛಾವಣಿಯ ಫ್ಯಾನು ನೋಡುತ್ತಾ ಮಲಗಿದ್ದಳು. ಹಾಕಿಬಿಡವ್ವಾ, ಸುಮ್ಮನೆ ಹಾಕಿಬಿಡು, ಅಂತ ಒಳಗೊಳಗೇ ಹೇಳಿಕೊಂಡಳು.

ಗಂಗಾಶ್ರೀ ಈಶ್ವರನಿಗೆ ಫೋನು ಹಚ್ಚಿದಳು. ಒಂದು ಕೈ ನರದ ಮೇಲೇ ಇದ್ದದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ದಿಂಬಿನ ಹತ್ತಿರ ಇಟ್ಟಳು. ಸೊರಬದ ಸೆಂಟರಿನ ಗದ್ದಲ ಫೋನಿನಲ್ಲಿ ಕೇಳಿಸಿತು.

"ಸರ್, ದುರುಗಮ್ಮ ಅವರ ಕೈ. ಹರಿಯೋದು ಗೊತ್ತಾಗ್ತಿಲ್ಲ."

"ಬಡಿತ ಐತಾ?"

"ಬಡಿತ ಇದೆ ಸರ್. ದಬ್ ದಬ್ ಅಂತ ಒದೀತಿದೆ. ಆದ್ರೆ ದಿನಾ ಇರೋ ಥರ ಅಲ್ಲ."

"ಬಡಿತ ಇದ್ರೆ ಅಷ್ಟು ಗಾಬರಿ ಬೇಡ. ಎರಡು ದಿನ ರಜಾ ಆಗಿರ್ತದೆ, ಮೈಯಲ್ಲಿ ನೀರು ತುಂಬಿ ಕೈ ಊದಿರಬಹುದು. ದುರುಗಮ್ಮ ಏನಂತಾರೆ? ಅವರು ದಿನಾ ಎದ್ದ ಕೂಡಲೇ ನೋಡ್ಕೋತಾರೆ. ಏನಾದ್ರೂ ಆಗಿದ್ರೆ ಅವರಿಗೇ ಮೊದಲು ಗೊತ್ತಾಗೋದು. ಕೇಳು ಅವರನ್ನ."

ಹುಡುಗಿ ಬಗ್ಗಿ ಕೇಳಿದಳು, "ಅಮ್ಮ, ಬೆಳಿಗ್ಗೆ ನೋಡ್ಕೊಂಡ್ರಾ?"

"ನೋಡ್ಕೊಂಡೆ," ಅಂದಳು ದುರುಗಮ್ಮ. "ಚೆನ್ನಾಗೇ ಇತ್ತು."

ಗಂಗಾಶ್ರೀ ಆಕೆಯ ಮುಖ ನೋಡಿದಳು. ಆಮೇಲೆ ಮುಖ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿ ಬೆರಳನ್ನು ನರದ ಮೇಲೆ ಕೆಳಗಿನಿಂದ ಮೇಲಕ್ಕೆ ಪೂರ್ತಿ ಒಂದು ಸಲ ಒಯ್ದಳು. ಕಲಿಸಿದವರು ಇಬ್ಬರು, ಒಬ್ಬರು ಫೋನಿನಲ್ಲಿ ಗಾಬರಿ ಬೇಡ ಅನ್ನುತ್ತಿದ್ದರು, ಇನ್ನೊಬ್ಬರು ಎದುರಿಗೇ ಮಲಗಿ ಚೆನ್ನಾಗಿತ್ತು ಅನ್ನುತ್ತಿದ್ದರು. ಮುಂದೆ ಕಟ್ಟಿಕೊಂಡಾಗ ಹರಿವು ನಿಂತು ಬಡಿತ ಮಾತ್ರ ಉಳಿಯುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಸಂದರ್ಭವೇ ಬಂದಿರಲಿಲ್ಲ. ಆದರೆ ಇದೇ ಕೈಯನ್ನು ಹದಿನಾಲ್ಕು ದಿನ ಮುಟ್ಟಿದ್ದಳು.

"ಸರ್, ಅಮ್ಮ ಚೆನ್ನಾಗಿತ್ತು ಅಂತಿದಾರೆ," ಅಂದಳು. "ನನಗೆ ಹಾಗನ್ಸಲ್ಲ. ಈ ಕೈ ನನಗೆ ಗೊತ್ತು ಸರ್. ಎಲ್ಲೋ ಕಟ್ಟಿಕೊಂಡಿದೆ. ನಾನು ಸೂಜಿ ಹಾಕಲ್ಲ."

"ಹಾಗಾದ್ರೆ ಹಾಕಬೇಡ," ಅಂದ ಈಶ್ವರ್. "ಶಿವಮೊಗ್ಗದ ಡಾಕ್ಟರಿಗೆ ಮಾತಾಡು. ನಂಬರ್ ಕಳಿಸ್ತೀನಿ."

ದುರುಗಮ್ಮನಿಗೆ ಮೊದಲು ಬಂದದ್ದು ಕೋಪ. ನಾನೇ ಬೆರಳು ಹಿಡಿದು ಕಲಿಸಿದ ಹುಡುಗಿ, ನನ್ನ ಮಾತನ್ನೇ ಸುಳ್ಳು ಮಾಡಿದಳಲ್ಲ. ರಬ್ಬರಿನ ಕೈ ಮುಟ್ಟಿ ಬಂದವಳು ಹಾಗೇ ಇದ್ದಿದ್ದರೆ ಈ ಹೊತ್ತಿಗೆ ಸೂಜಿ ಹಾಕಿ ಮುಗಿಸಿರುತ್ತಿದ್ದಳು. ಆಮೇಲೆ ಕೋಪ ಇಳಿಯಿತು, ಇಳಿದ ಜಾಗದಲ್ಲಿ ನಾಚಿಕೆ ಬಂತು. ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡಳು.

ಗಂಗಾಶ್ರೀ ಡಾಕ್ಟರ ಹತ್ತಿರ ಮಾತಾಡಿದ್ದೆಲ್ಲ ಆಕೆಗೆ ಕೇಳಿಸುತ್ತಿತ್ತು. ಯಾವಾಗಿನಿಂದ ಹೀಗಾಗಿದೆ ಅಂತ ಡಾಕ್ಟರು ಕೇಳಿದರು. ಬೆಳಿಗ್ಗೆ ಚೆನ್ನಾಗಿತ್ತಂತೆ, ನಾನು ನೋಡಿದ್ದು ಹತ್ತು ಇಪ್ಪತ್ತಕ್ಕೆ, ಅಂದಳು ಹುಡುಗಿ. ಹೊಸದಾಗಿ ಆಗಿದ್ದರೆ ತೊಂದರೆಯಿಲ್ಲ, ನನಗೆ ಬೇರೆ ಆಪರೇಷನ್ ಇವೆ, ಬಂದು ಕಾಯುತ್ತಿರಲಿ, ಸಂಜೆ ಕೊನೆಗೆ ತೆಗೆದುಕೊಳ್ಳುತ್ತೇನೆ, ಅಂದರು ಡಾಕ್ಟರು. ಹಳೆಯದಾಗಿದ್ದರೆ ಮಾತ್ರ ಸಂಜೆಯ ತನಕ ಬಿಡುವ ಹಾಗಿಲ್ಲ ಅಂತಲೂ ಅಂದರು. ಹುಡುಗಿ ಚೀಟಿ ಬರೆದಳು, ಅದೇ ಮುದ್ದಾದ ಅಕ್ಷರದಲ್ಲಿ. ಧರ್ಮಪ್ಪನಿಗೆ ಫೋನು ಮಾಡಿದರೆ ಸಿಗಲಿಲ್ಲ, ಸೊಂಟ ನೋವಿದ್ದರೂ ಕುರಿ ಹೊಡೆದುಕೊಂಡು ಹೋಗಿದ್ದ, ಆ ಕಡೆ ಸಿಗ್ನಲ್ಲು ಇರುವುದಿಲ್ಲ. ಉಳಿದ ಮೂರು ಹಾಸಿಗೆಯಲ್ಲಿ ಮಿಷಿನ್ನು ಓಡುತ್ತಿದ್ದವು, ಗಂಗಾಶ್ರೀ ಬಿಟ್ಟುಬರುವ ಹಾಗಿರಲಿಲ್ಲ. ಹೂವಮ್ಮ ಜೊತೆಗೆ ಹೊರಟಳು. ಶಿವಮೂರ್ತಪ್ಪ ಮಲಗಿದಲ್ಲಿಂದಲೇ ಅಂಗಡಿಗೆ ಫೋನು ಮಾಡಿ ತಮ್ಮ ಕಾರು ತರಿಸಿದರು.

ಹುಡುಗಿ ಕಾರಿನ ತನಕ ಬಂದು, ದುರುಗಮ್ಮನನ್ನು ಕೂರಿಸಿ, ಕೈಯ ಕೆಳಗೆ ದಿಂಬು ಇಟ್ಟು, ಚೀಟಿಯನ್ನು ಹೂವಮ್ಮನ ಕೈಗೆ ಕೊಟ್ಟಳು. ಡ್ರೈವರು ಗಾಡಿ ಸ್ಟಾರ್ಟ್ ಮಾಡಿ ನಾಲ್ಕು ಮಾರು ಹೋಗಿದ್ದ.

"ನಿಲ್ಸಪ್ಪಾ," ಅಂದಳು ದುರುಗಮ್ಮ. ಗಾಜು ಇಳಿಸಿದಳು. ಗಂಗಾಶ್ರೀ ಓಡಿ ಬಂದಳು.

"ತಂಗಿ, ಚೀಟಿಯಾಗೆ ಎಷ್ಟೊತ್ತು ಅಂತ ಬರ್ದೀ?"

"ಹತ್ತು ಇಪ್ಪತ್ತು ಅಮ್ಮ."

"ಅದನ್ನ ಹೊಡೆದು ಹಾಕು." ದುರುಗಮ್ಮ ಹುಡುಗಿಯ ಮುಖ ನೋಡಲಿಲ್ಲ, ತನ್ನ ಕೈಯನ್ನೇ ನೋಡುತ್ತಾ ಹೇಳಿದಳು. "ಐದು ಅಂತ ಬರಿ. ಬೆಳಗಿನ ಐದು ಗಂಟಿ. ಆಗ್ಲೇ ಸಣ್ಣಗಾಗಿತ್ತು. ನನಗೆ ಗೊತ್ತಿತ್ತು."

ಗಂಗಾಶ್ರೀ ಚೀಟಿ ತೆಗೆದುಕೊಂಡು ಕಾರಿನ ಬಾಗಿಲಿಗೆ ಒತ್ತಿ ಹಿಡಿದು ಬರೆದದ್ದನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಹೊಸ ಹೊತ್ತು ಬರೆದು ಸಹಿ ಮಾಡಿ ಹೂವಮ್ಮನಿಗೆ ವಾಪಸ್ ಕೊಟ್ಟಳು. ಬೈಯುತ್ತಾಳೆ ಅಂತ ದುರುಗಮ್ಮ ಕಾದಳು, ಬೈದಿದ್ದರೆ ಚೆನ್ನಾಗಿತ್ತು. ಹುಡುಗಿಯ ಕಣ್ಣಿನಿಂದ ನೀರು ಇಳಿದು ಗಲ್ಲದ ತನಕ ಬಂತು, ಒರೆಸಿಕೊಳ್ಳಲಿಲ್ಲ.

"ಹೆದರಿಕೆ ಆಗಿತ್ತಾ ಅಮ್ಮ?"

"ಇಲ್ಲ ತಂಗಿ. ಸುಸ್ತಾಗಿತ್ತು."

ಹುಡುಗಿ ತಲೆ ಆಡಿಸಿದಳು. ನಿಂತಲ್ಲೇ ಡಾಕ್ಟರಿಗೆ ಮತ್ತೆ ಫೋನು ಹಚ್ಚಿದಳು. "ಸರ್, ಟೈಮ್ ತಪ್ಪಾಗಿತ್ತು. ಬೆಳಗಿನ ಐದು ಗಂಟೆಯಿಂದ. ಹೌದು ಸರ್, ಪೇಷಂಟೇ ಹೇಳಿದ್ದು. ಬಂದ ಕೂಡಲೇ ತಗೋಬೇಕು ಸರ್."

ದುರುಗಮ್ಮ ಸೀಟಿಗೆ ಒರಗಿದಳು. ಮೈಯೆಲ್ಲ ನೋಯುತ್ತಿತ್ತು, ಕಣ್ಣು ಎಳೆಯುತ್ತಿತ್ತು, ಶಿವಮೊಗ್ಗ ಇನ್ನೂ ದೂರ ಇತ್ತು. ಎಡಗೈಯನ್ನು ತಂದು ಬಲಗೈಯ ಮೇಲೆ ಇಟ್ಟಳು, ಒತ್ತದೆ.

"ಸ್ವಲ್ಪ ಜೋರಾಗಿ ಹೊಡಿಯಪ್ಪಾ," ಅಂದಳು ಡ್ರೈವರಿಗೆ.